ಡೌನ್ ಸಿಂಡ್ರೋಮ್ ಇರುವವರಲ್ಲಿ ಮರೆವಿನ ಕಾಯಿಲೆ: ಮೂವತ್ತರಿಂದಲೇ ಮನೆಯವರು ಮಾಡಬೇಕಾದ ಕೆಲಸ

ಡೌನ್ ಸಿಂಡ್ರೋಮ್ ಇರುವ ಮಗನಿಗೋ ತಂಗಿಗೋ ನಲವತ್ತು ದಾಟಿದೆ. ಕೆಲವು ತಿಂಗಳಿಂದ ಮೆಟ್ಟಿಲು ಇಳಿಯಲು ಹೆದರಿಕೆ, ಇಷ್ಟದ ಹಾಡು ಹಾಕಿದರೂ ಉತ್ಸಾಹವಿಲ್ಲ, ತಟ್ಟೆಯ ಮುಂದೆ ಸುಮ್ಮನೆ ಕೂತಿರುವುದು. ಇದು ಮರೆವಿನ ಕಾಯಿಲೆಯ ಶುರುವೇ ಎಂದು ಓದುಗರು ಮತ್ತೆ ಮತ್ತೆ ಕೇಳುತ್ತಾರೆ. ಇರಬಹುದು. ಆದರೆ ಕಣ್ಣಿನ ಪೊರೆ, ಥೈರಾಯ್ಡ್ ಕೊರತೆ, ಅಥವಾ ಯಾರೋ ಬರೆದುಕೊಟ್ಟ ಒಂದು ಮಾತ್ರೆಯೂ ಹೀಗೇ ಮಾಡಬಲ್ಲದು. ಯಾವುದು ಎಂದು ಬೇರ್ಪಡಿಸಬೇಕಾದರೆ ಆ ವ್ಯಕ್ತಿ ಮೊದಲು ಹೇಗಿದ್ದರು ಎಂಬುದಕ್ಕೆ ಲಿಖಿತ ದಾಖಲೆ ಬೇಕು. ಹೆಚ್ಚಿನ ಮನೆಗಳಲ್ಲಿ ಇಲ್ಲದಿರುವುದು ಅದೇ.

ಮೆದುಳಿನೊಳಗೆ ಆಗುವುದೇನು

ಜೀನ್‌ಗಳನ್ನು ಹೊತ್ತ ಎಳೆಗಳೇ ಕ್ರೋಮೋಸೋಮ್‌ಗಳು. ಸಾಮಾನ್ಯವಾಗಿ 21ನೇ ಕ್ರೋಮೋಸೋಮ್ ಎರಡು ಪ್ರತಿ ಇರುತ್ತದೆ, ಡೌನ್ ಸಿಂಡ್ರೋಮ್ ಇರುವವರಲ್ಲಿ ಮೂರು. ಎಪಿಪಿ ಎಂಬ ಜೀನ್ ಇರುವುದು ಇದೇ ಕ್ರೋಮೋಸೋಮಿನಲ್ಲಿ. ಅದು ತಯಾರಿಸುವ ಪ್ರೋಟೀನ್ ತುಂಡಾದಾಗ ಅಮಿಲಾಯ್ಡ್ ಬೀಟಾ ಎಂಬ ಅಂಟು ಚೂರು ಹುಟ್ಟುತ್ತದೆ. ಮೂರು ಪ್ರತಿ ಇದ್ದಲ್ಲಿ ಈ ಚೂರಿನ ಉತ್ಪಾದನೆ ಹುಟ್ಟಿನಿಂದಲೇ ಹೆಚ್ಚು. ಇಲ್ಲಿ ಹೇಳುತ್ತಿರುವ ಮರೆವಿನ ಕಾಯಿಲೆ, ಅಂದರೆ ಅಲ್ಝೈಮರ್‌ನಲ್ಲಿ, ಮೆದುಳಿನಲ್ಲಿ ಗಡ್ಡೆಗಟ್ಟುವುದೂ ಇದೇ ವಸ್ತು. 1984ರಲ್ಲಿ ಜಾರ್ಜ್ ಗ್ಲೆನ್ನರ್ ಮತ್ತು ಕೇನ್ ವಾಂಗ್ ಅಲ್ಝೈಮರ್ ರೋಗಿಗಳ ಮೆದುಳಿನಲ್ಲೂ ಡೌನ್ ಸಿಂಡ್ರೋಮ್ ಇದ್ದವರ ಮೆದುಳಿನಲ್ಲೂ ಒಂದೇ ಪ್ರೋಟೀನ್ ಕಂಡ ಮೇಲೆ ಸಂಶೋಧಕರ ದೃಷ್ಟಿ 21ನೇ ಕ್ರೋಮೋಸೋಮಿನ ಕಡೆ ಹೊರಳಿತು. ಈ ಕ್ರೋಮೋಸೋಮಿನ ಒಂದು ಭಾಗ ಮಾತ್ರ ಹೆಚ್ಚಿಗೆ ಇದ್ದು, ಎಪಿಪಿ ಜೀನ್ ಎರಡೇ ಪ್ರತಿ ಇರುವ ಅಪರೂಪದ ಜನರಿದ್ದಾರೆ. ಹಾಗಿದ್ದವರಲ್ಲಿ ಎಪ್ಪತ್ತು ದಾಟಿದರೂ ಮರೆವಿನ ಕಾಯಿಲೆ ಬಾರದ ಉದಾಹರಣೆ ದಾಖಲಾಗಿದೆ. ಕಾರಣ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ.

40ನೇ ವಯಸ್ಸಿನ ಹೊತ್ತಿಗೆ ಡೌನ್ ಸಿಂಡ್ರೋಮ್ ಇರುವ ಬಹುಪಾಲು ಎಲ್ಲರ ಮೆದುಳಿನಲ್ಲೂ ಈ ಗಡ್ಡೆಗಳಿರುತ್ತವೆ. ಆದರೆ ಕಾಯಿಲೆ ಪತ್ತೆಯಾಗುವ ಸರಾಸರಿ ವಯಸ್ಸು 53ರಿಂದ 55. ಆಯುಷ್ಯ ಪೂರ್ತಿ ಬದುಕಿದರೆ ಅಲ್ಝೈಮರ್ ಬರುವ ಸಾಧ್ಯತೆ ಶೇ. 90ಕ್ಕೂ ಮೇಲೆ. ಮೆದುಳಿನಲ್ಲಿ ಬದಲಾವಣೆ 40ಕ್ಕೂ ಮೊದಲೇ ಆರಂಭವಾಗುವುದರಿಂದ ಲಕ್ಷಣ ಕಾಣುವವರೆಗೆ ಎರಡು ದಶಕದಷ್ಟು ಅವಧಿ ಇರುತ್ತದೆ.

ಇನ್ನು ಮೂರು ಹೆಸರು ನೆನಪಿಟ್ಟುಕೊಂಡರೆ ಮುಂದಿನ ಹಂತಗಳು ಸುಲಭವಾಗಿ ಅರ್ಥವಾಗುತ್ತವೆ. ಒಂದು, ಟಾವ್: ನರಕೋಶದೊಳಗಿನ ಸಾಗಣೆಯ ಹಳಿಗಳನ್ನು ಹಿಡಿದು ನಿಲ್ಲಿಸುವ ಪ್ರೋಟೀನ್. 21ನೇ ಕ್ರೋಮೋಸೋಮಿನಲ್ಲೇ ಇರುವ ಡಿವೈಆರ್‌ಕೆ1ಎ ಎಂಬ ಇನ್ನೊಂದು ಜೀನ್ ಇದಕ್ಕೆ ಫಾಸ್ಫೇಟ್ ಹೆಚ್ಚು ಅಂಟುವಂತೆ ಮಾಡುತ್ತದೆ, ಆಗ ಅದು ಸಿಕ್ಕುಗಟ್ಟುತ್ತದೆ. ಎರಡು, ಅಸಿಟೈಲ್‌ಕೋಲಿನ್: ನೆನಪು ಮತ್ತು ಗಮನಕ್ಕೆ ಬೇಕಾದ ಸಂದೇಶವಾಹಕ ರಾಸಾಯನಿಕ. ಇದನ್ನು ತಯಾರಿಸುವ ನರಕೋಶಗಳು ಈ ಕಾಯಿಲೆಯಲ್ಲಿ ಬೇಗ ಸೊರಗುತ್ತವೆ. ನಾಲ್ಕನೇ ಹಂತ ಪೂರ್ತಿ ಇದರ ಮೇಲೆ ನಿಂತಿದೆ. ಮೂರು, ಮಯೋ-ಇನೋಸಿಟಾಲ್: ಸಕ್ಕರೆಯಂಥ ಒಂದು ಅಣು. ಇದನ್ನು ಜೀವಕೋಶದೊಳಕ್ಕೆ ಸಾಗಿಸುವ ಪ್ರೋಟೀನಿನ ಜೀನ್ ಕೂಡ 21ರಲ್ಲೇ ಇರುವುದರಿಂದ ಇವರ ಮೆದುಳಿನಲ್ಲಿ ಅದರ ಪ್ರಮಾಣ ಹೆಚ್ಚು. ಎಂಆರ್‌ಐ ಯಂತ್ರದಿಂದಲೇ ಮೆದುಳಿನ ರಾಸಾಯನಿಕಗಳನ್ನು ಅಳೆಯುವ ಸ್ಪೆಕ್ಟ್ರೋಸ್ಕೋಪಿ ಎಂಬ ವಿಧಾನದಲ್ಲಿ ಇದು ಕಾಣುತ್ತದೆ. ಸಂಶೋಧನೆಗೆ ಇದು ದೊಡ್ಡ ವಿಷಯ, ನಿಮ್ಮ ಮನೆಗೆ ಅಷ್ಟಲ್ಲ: ಆ ಸಂಖ್ಯೆ ನೋಡಿ ಒಬ್ಬ ವ್ಯಕ್ತಿಗೆ ಕಾಯಿಲೆ ಇದೆ ಅಥವಾ ಇಲ್ಲ ಎಂದು ಯಾರೂ ಹೇಳಲಾರರು.

ಹಂತ 1: ಮೂವತ್ತರ ಹೊತ್ತಿಗೆ ಮೂಲ ದಾಖಲೆ

ಬೇಕಾದದ್ದು ಒಂದು ಇನ್ನೂರು ಪುಟದ ನೋಟ್‌ಬುಕ್, ಒಂದು ಮೊಬೈಲ್, ತೂಕದ ಯಂತ್ರ. ದಿನನಿತ್ಯದ ಹತ್ತು ಕೆಲಸ ಆರಿಸಿ: ಹಲ್ಲುಜ್ಜುವುದು, ಸ್ನಾನ, ಗುಂಡಿ ಹಾಕುವುದು, ಚಪ್ಪಲಿ ಸರಿ ಕಾಲಿಗೆ ಹಾಕುವುದು, ಊಟ ಕಲಸಿ ತಿನ್ನುವುದು, ಶೌಚ, ಬಟ್ಟೆ ಮಡಚುವುದು, ಪಕ್ಕದಂಗಡಿಗೆ ಹೋಗಿ ಬರುವುದು, ಮನೆಯವರ ಹೆಸರು ಹೇಳುವುದು, ಇಂದು ಯಾವ ವಾರ ಎನ್ನುವುದು. ಪ್ರತಿಯೊಂದರ ಮುಂದೆ ನಾಲ್ಕರಲ್ಲಿ ಒಂದು ಗುರುತು ಹಾಕಿ: ತಾನೇ ಮಾಡುತ್ತಾರೆ, ಹೇಳಿದರೆ ಮಾಡುತ್ತಾರೆ, ಕೈ ಹಚ್ಚಿದರೆ ಮಾಡುತ್ತಾರೆ, ಮಾಡುವುದಿಲ್ಲ. ಎಂದೂ ಕಲಿಯದ ಕೆಲಸವನ್ನು ಬೇರೆಯಾಗಿ ಬರೆಯಿರಿ. ಕಲಿಯದಿರುವುದು ಒಂದು, ಕಲಿತದ್ದು ಕಳೆದುಹೋಗುವುದು ಇನ್ನೊಂದು.

ಜೊತೆಗೆ ಐದಾರು ಚಿಕ್ಕ ವಿಡಿಯೊ: ಹತ್ತು ಹೆಜ್ಜೆ ನಡೆಯುವುದು, ಮೆಟ್ಟಿಲು ಇಳಿಯುವುದು, ಹೆಸರು ಬರೆಯುವುದು, ಮೂರು ನಿಮಿಷ ಮಾತು, ಊಟ. ತಿಂಗಳಿಗೊಮ್ಮೆ ತೂಕ. ನಲವತ್ತರವರೆಗೆ ವರ್ಷಕ್ಕೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಇದೆಲ್ಲವನ್ನೂ ಮತ್ತೆ ಮಾಡಿ. ಕ್ರೋಮೋಸೋಮ್ ಪರೀಕ್ಷೆಯ ಹಳೆಯ ವರದಿ ಇದ್ದರೆ ಅದನ್ನೂ ಅದೇ ಫೈಲಿಗೆ ಸೇರಿಸಿ. ಎಲ್ಲ ಜೀವಕೋಶಗಳಲ್ಲೂ ಮೂರನೇ ಪ್ರತಿ ಇಲ್ಲದ ಮೊಸಾಯಿಕ್ ವಿಧ ನೂರರಲ್ಲಿ ಒಬ್ಬಿಬ್ಬರಿಗೆ ಇರುತ್ತದೆ, ಅದು ವೈದ್ಯರಿಗೆ ತಿಳಿದಿರಬೇಕು.

ಇಲ್ಲಿ ಎಡವುವುದು ಸಾಮಾನ್ಯವಾಗಿ ಅಮ್ಮನ ಕಡೆಯಿಂದ, ಅದೂ ಪ್ರೀತಿಯಿಂದ. ಮಗ ಗುಂಡಿ ಹಾಕಲು ತಡಮಾಡಿದ ದಿನ ಅವರೇ ಹಾಕುತ್ತಾರೆ, ಮಾರನೇ ದಿನವೂ ಹಾಕುತ್ತಾರೆ. ಎರಡು ವರ್ಷದ ನಂತರ ‘ಮೊದಲಿಂದಲೂ ನಾನೇ ಹಾಕೋದು’ ಎಂದು ನಂಬಿಬಿಟ್ಟಿರುತ್ತಾರೆ. ಹಾಗಾಗಿ ತರಬೇತಿ ಕೇಂದ್ರದ ಶಿಕ್ಷಕರಿಂದಲೋ ಬೇರೆ ಮನೆಯಲ್ಲಿರುವ ಅಕ್ಕನಿಂದಲೋ ಅದೇ ಪಟ್ಟಿಯನ್ನು ಪ್ರತ್ಯೇಕವಾಗಿ ತುಂಬಿಸಿ, ಎರಡನ್ನೂ ಎದುರುಬದುರು ಇಟ್ಟು ನೋಡಿ.

ಈಗಾಗಲೇ 45 ಆಗಿ ಯಾವ ದಾಖಲೆಯೂ ಇಲ್ಲವೆಂದರೆ ಹಳೆಯದನ್ನು ಹುಡುಕಿ ಜೋಡಿಸಬೇಕು. ಮದುವೆ ವಿಡಿಯೊಗಳು ಇದಕ್ಕೆ ತುಂಬ ಒಳ್ಳೆಯ ಸಾಕ್ಷಿ: ನಡಿಗೆ, ಮಾತು, ಪಂಕ್ತಿಯಲ್ಲಿ ಕೂತು ಉಂಡ ರೀತಿ, ಎಲ್ಲವೂ ದಿನಾಂಕದ ಸಮೇತ ಸಿಗುತ್ತವೆ. ಬ್ಯಾಂಕ್ ಪತ್ರಗಳಲ್ಲಿನ ಸಹಿ, ತರಬೇತಿ ಕೇಂದ್ರದ ಪ್ರಗತಿ ಪುಸ್ತಕ ಕೂಡ.

ಹಂತ 2: ಏನನ್ನು ಗಮನಿಸಬೇಕು

ಮರೆವೇ ಮೊದಲು ಬರುತ್ತದೆ ಎಂದು ಕಾಯಬೇಡಿ. ಇವರಲ್ಲಿ ಅನೇಕ ಸಲ ಮೊದಲು ಕಾಣುವುದು ಸ್ವಭಾವದ ಬದಲಾವಣೆ: ನಗುನಗುತ್ತಿದ್ದವರು ಮಂಕಾಗುವುದು, ಹಠ ಹೆಚ್ಚುವುದು, ಇಷ್ಟದ ಕೆಲಸ ಬಿಡುವುದು. ಆಮೇಲೆ ಕೆಲಸದ ಕ್ರಮ ತಪ್ಪುತ್ತದೆ, ಸೋಪು ಹಚ್ಚಿಕೊಂಡು ನೀರು ಹಾಕಿಕೊಳ್ಳದೆ ನಿಲ್ಲುವ ಹಾಗೆ. ಹೊಸ್ತಿಲು, ಮೆಟ್ಟಿಲು, ನೆಲದ ಬಣ್ಣ ಬದಲಾಗುವ ಜಾಗದಲ್ಲಿ ಕಾಲಿಡಲು ಅಳುಕುವುದೂ ಇದೆ. ಆಳ ಎಷ್ಟೆಂದು ಮೆದುಳಿಗೆ ತಿಳಿಯದಾದಾಗ ಹೀಗಾಗುತ್ತದೆ. ಗಮನಿಸಿದ್ದನ್ನು ದಿನಾಂಕ ಹಾಕಿ ಬರೆಯಿರಿ. ‘ಇತ್ತೀಚೆಗೆ’ ಎಂಬ ಮಾತು ವೈದ್ಯರಿಗೆ ಉಪಯೋಗಕ್ಕೆ ಬಾರದು.

ಆದರೆ ಒಬ್ಬರೇ ಮಾತಾಡಿಕೊಳ್ಳುವುದು ಕಾಯಿಲೆಯ ಲಕ್ಷಣವಲ್ಲ. ಡೌನ್ ಸಿಂಡ್ರೋಮ್ ಇರುವ ಅನೇಕ ವಯಸ್ಕರು ದಿನದ ಘಟನೆಗಳನ್ನು ಜೋರಾಗಿ ತಮಗೇ ಹೇಳಿಕೊಳ್ಳುತ್ತಾರೆ, ಚಿಕ್ಕಂದಿನಿಂದಲೂ. ಮಾತಿನ ಧಾಟಿ ಬದಲಾಗಿ ಅದರಲ್ಲಿ ಭಯ ಅಥವಾ ಸಿಟ್ಟು ಬಂದರೆ ಆಗ ವಿಚಾರಿಸಬೇಕು.

ಹಂತ 3: ಬೇರೆ ಕಾರಣಗಳನ್ನು ಮೊದಲು ತಳ್ಳಿಹಾಕಿ

ಇದೇ ಅತಿ ಮುಖ್ಯ ಹಂತ. ಖರ್ಚು ಕಡಿಮೆ ಇರುವುದರಿಂದ ಶುರು ಮಾಡಿ.

ಕಿವಿ: ಇವರ ಕಿವಿಯ ನಾಳ ಕಿರಿದು, ಗುಗ್ಗೆ ಕಟ್ಟುವುದು ಮಾಮೂಲು. ಕರೆದರೆ ತಿರುಗದವರನ್ನು ಗಮನವಿಲ್ಲದವರು ಎಂದುಕೊಳ್ಳುವ ಮೊದಲು ಇಎನ್‌ಟಿ ವೈದ್ಯರಲ್ಲಿ ಗುಗ್ಗೆ ತೆಗೆಸಿ, ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಒಳ್ಳೆಯ ವ್ಯವಸ್ಥೆಯಿದೆ.

ಕಣ್ಣು: ಪೊರೆ ಇವರಿಗೆ ಬೇಗ ಬರುತ್ತದೆ. ಮೆಟ್ಟಿಲಿನ ಹೆದರಿಕೆಗೆ ಎಷ್ಟೋ ಸಲ ಇದೇ ಕಾರಣ.

ಥೈರಾಯ್ಡ್: ವರ್ಷಕ್ಕೆ ಅಥವಾ ಎರಡು ವರ್ಷಕ್ಕೊಮ್ಮೆ ಟಿಎಸ್‌ಎಚ್ (ಥೈರಾಯ್ಡ್ ಕೊರತೆಯಾದಾಗ ಏರುವ ಹಾರ್ಮೋನ್) ರಕ್ತಪರೀಕ್ಷೆ. ಕೊರತೆ ಇದ್ದರೆ ಮಂಕು, ನಿಧಾನ, ಮಲಬದ್ಧತೆ, ತೂಕ ಏರಿಕೆ. ಮಾತ್ರೆ ಆಗಲೇ ನಡೆಯುತ್ತಿದ್ದರೆ ಕೊಡುವ ರೀತಿ ನೋಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ಕೊಟ್ಟು ಕನಿಷ್ಠ ಅರ್ಧ ಗಂಟೆ ಕಾಫಿ ಕೊಡಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆ ಅಂತರ. ಕಾಫಿಯ ಜೊತೆಗೇ ನುಂಗಿಸುವ ಮನೆಗಳಲ್ಲಿ ಮಾತ್ರೆ ನಡೆಯುತ್ತಿದ್ದರೂ ಟಿಎಸ್‌ಎಚ್ ಇಳಿಯದಿರಬಹುದು.

ರಕ್ತ: ಬಿ12, ಹಿಮೋಗ್ಲೋಬಿನ್, ಸಕ್ಕರೆ, ಸೋಡಿಯಂ, ಕ್ಯಾಲ್ಸಿಯಂ. ಸಸ್ಯಾಹಾರಿಗಳಲ್ಲಿ ಮತ್ತು ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಕೊರತೆ ಸುಲಭವಾಗಿ ಬರುತ್ತದೆ. ತೂಕ ಇಳಿದು ಭೇದಿ ಇದ್ದರೆ ಗೋಧಿ ಒಗ್ಗದ ಸೀಲಿಯಾಕ್ ಕಾಯಿಲೆಗೂ ಪರೀಕ್ಷೆ ಕೇಳಿ.

ನಿದ್ದೆ: ದೊಡ್ಡ ಗೊರಕೆ, ನಡುವೆ ಉಸಿರು ನಿಂತು ಮತ್ತೆ ಏದುಸಿರು, ಕೂತುಕೊಂಡು ಮುಂದಕ್ಕೆ ಬಾಗಿ ಮಲಗುವ ಅಭ್ಯಾಸ, ಹಗಲು ತೂಕಡಿಕೆ. ಇದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಶ್ವಾಸನಾಳ ಮುಚ್ಚಿಕೊಳ್ಳುವುದು. ಡೌನ್ ಸಿಂಡ್ರೋಮ್ ಇರುವ ವಯಸ್ಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇದು ಇರುತ್ತದೆ. ಒಂದು ರಾತ್ರಿಯ ನಿದ್ರಾ ಪರೀಕ್ಷೆಯಲ್ಲಿ ಪತ್ತೆ, ಸಿಪ್ಯಾಪ್ ಎಂಬ ಗಾಳಿಯಂತ್ರದಿಂದ ಚಿಕಿತ್ಸೆ. ಮುಖವಾಡ ಒಗ್ಗಲು ವಾರಗಟ್ಟಲೆ ಬೇಕಾಗುತ್ತದೆ. ಮೊದಲು ಹಗಲು ಹತ್ತು ನಿಮಿಷ, ಯಂತ್ರ ಚಾಲು ಮಾಡದೆ, ಬರೀ ಮುಖವಾಡ ಹಾಕಿ ಅಭ್ಯಾಸ ಮಾಡಿಸಿ.

ನೋವು ಮತ್ತು ದುಃಖ: ಹಲ್ಲು, ಹೊಟ್ಟೆ, ಮಂಡಿ. ಇವರಲ್ಲಿ ಎಷ್ಟೋ ಜನ ನೋವನ್ನು ಹೇಳುವುದಿಲ್ಲ, ಊಟ ಬಿಡುತ್ತಾರೆ. ಅಪ್ಪ ತೀರಿಕೊಂಡ ಮೇಲೆ, ತಂಗಿ ಮದುವೆಯಾಗಿ ಹೋದ ಮೇಲೆ ಬರುವ ಖಿನ್ನತೆಯೂ ಮರೆವಿನ ಹಾಗೇ ಕಾಣುತ್ತದೆ. ಹೆಂಗಸರಲ್ಲಿ ಮುಟ್ಟು ನಿಲ್ಲುವುದೂ ಸಾಮಾನ್ಯಕ್ಕಿಂತ ಬೇಗ.

ಕುತ್ತಿಗೆ: ಕುತ್ತಿಗೆಯ ಮೊದಲೆರಡು ಮೂಳೆಗಳ ಕೀಲು ಕೆಲವರಲ್ಲಿ ಸಡಿಲ. ನಡಿಗೆ ಕೆಟ್ಟು, ಕೈ ಬಲ ಕಡಿಮೆಯಾಗಿ, ಮೂತ್ರದ ಹಿಡಿತ ತಪ್ಪಿದರೆ ಮೆದುಳುಬಳ್ಳಿ ಒತ್ತಿರಬಹುದು. ತಿಂಗಳು ಕಾಯದೆ ಅಂದೇ ನರರೋಗ ತಜ್ಞರ ಬಳಿ ಹೋಗಿ. ಕ್ಷೌರದಂಗಡಿಯಲ್ಲಿ ಕುತ್ತಿಗೆಯ ನೆಟಿಗೆ ತೆಗೆಸುವುದನ್ನು ಇವರಿಗೆ ಎಂದೂ ಮಾಡಿಸಬೇಡಿ.

ವಯಸ್ಸು 40ಕ್ಕಿಂತ ಕಡಿಮೆ ಇದ್ದು, ವಾರಗಳಲ್ಲೇ ಮಾತು ನಿಂತು ಮರಗಟ್ಟಿದಂತಾದರೆ ಅದು ಡೌನ್ ಸಿಂಡ್ರೋಮ್ ರಿಗ್ರೆಶನ್ ಎಂಬ ಬೇರೆಯೇ ತೊಂದರೆಯಾಗಿರಬಹುದು. ಹೆಚ್ಚಾಗಿ 10ರಿಂದ 30ರ ವಯಸ್ಸಿನಲ್ಲಿ ಕಾಣುವ ಇದಕ್ಕೆ ಚಿಕಿತ್ಸೆ ಇದೆ. ಆ ವಯಸ್ಸಿನಲ್ಲಿ ಯಾರಾದರೂ ‘ಅಲ್ಝೈಮರ್’ ಎಂದು ಬರೆದುಕೊಟ್ಟರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಲೇಬೇಕು.

ಹಂತ 4: ಮಾತ್ರೆಯ ಡಬ್ಬಿ ಸುರಿದು ನೋಡಿ

ಮನೆಯಲ್ಲಿರುವ ಎಲ್ಲ ಮಾತ್ರೆ, ಸಿರಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ವೈದ್ಯರ ಬಳಿ ಹೋಗಿ. ಅಸಿಟೈಲ್‌ಕೋಲಿನ್ ಮೊದಲೇ ಸೊರಗುತ್ತಿರುವ ಮೆದುಳಿಗೆ ಅದನ್ನೇ ತಡೆಯುವ ಔಷಧ ಕೊಟ್ಟರೆ ನೆನಪು, ಗಮನ ಎರಡೂ ಇನ್ನಷ್ಟು ಕೆಡುತ್ತವೆ. ಆ ಗುಂಪಿನವು: ಕೈಕಾಲಿನ ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಆತುರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನೆಗಡಿ ಸಿರಪ್‌ಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮತ್ತು ಡೈಫೆನ್‌ಹೈಡ್ರಮಿನ್. ಹೆಸರು ಅಂಗಡಿಯ ಬ್ರ್ಯಾಂಡ್‌ನದ್ದಾಗಿರುತ್ತದೆ, ಒಳಗಿನ ಔಷಧದ ಹೆಸರು ಮಾತ್ರೆಯ ಪಟ್ಟಿಯ ಹಿಂದೆ ಸಣ್ಣಕ್ಷರದಲ್ಲಿರುತ್ತದೆ.

ನಮ್ಮಲ್ಲಿ ಹೆಚ್ಚು ಕಾಣುವ ಸರಪಳಿ ಹೀಗಿದೆ. ಒಬ್ಬರೇ ಮಾತಾಡುತ್ತಾರೆಂದು ಮನೋರೋಗದ ಮಾತ್ರೆಯಾದ ಹ್ಯಾಲೊಪೆರಿಡಾಲ್ ಅಥವಾ ರಿಸ್ಪೆರಿಡೋನ್ ಶುರುವಾಗುತ್ತದೆ. ಅದರಿಂದ ಕೈಕಾಲು ಬಿಗಿಯಾಗುತ್ತದೆ. ಬಿಗಿತಕ್ಕೆ ಟ್ರೈಹೆಕ್ಸಿಫೆನಿಡಿಲ್ ಸೇರುತ್ತದೆ. ಆಮೇಲೆ ಗೊಂದಲ, ಮಲಬದ್ಧತೆ, ಮರೆವು. ಕೊನೆಗೆ ಅದಕ್ಕೆ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಎಂಬ ಹಣೆಪಟ್ಟಿ. ಆದರೆ ಯಾವುದನ್ನೂ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ, ಮುಖ್ಯವಾಗಿ ಫಿಟ್ಸ್ ಮಾತ್ರೆ ಮತ್ತು ನಿದ್ದೆ ಮಾತ್ರೆ. ಬರೆದುಕೊಟ್ಟ ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಹಂತ 5: ತಜ್ಞರ ಭೇಟಿ

ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ನರರೋಗ ಮತ್ತು ಮನೋರೋಗ ಎರಡೂ ವಿಭಾಗದವರು ಸಿಗುತ್ತಾರೆ. ದೂರದವರು ಮೊದಲು ಜಿಲ್ಲಾಸ್ಪತ್ರೆಯಲ್ಲಿ ಹಂತ 3ರ ಪರೀಕ್ಷೆಗಳನ್ನು ಮುಗಿಸಿ, ವರದಿ ಹಿಡಿದು ಹೊರಡಿ. ಪ್ರಯಾಣ ಒಂದಾದರೂ ಉಳಿಯುತ್ತದೆ.

ನೆನಪು, ಗಮನ ಅಳೆಯಲು ಸಾಮಾನ್ಯರಿಗೆ ಮಾಡುವ ಮೂವತ್ತು ಅಂಕದ ಎಂಎಂಎಸ್‌ಇ ಪರೀಕ್ಷೆ ಇವರಿಗೆ ಹೊಂದುವುದಿಲ್ಲ. ಹುಟ್ಟಿನಿಂದ ಕಲಿಕೆಯ ಮಿತಿ ಇರುವವರು ಕಾಯಿಲೆ ಇಲ್ಲದೆಯೂ ಅದರಲ್ಲಿ ಕಡಿಮೆ ಅಂಕ ಪಡೆಯುತ್ತಾರೆ. ಬದಲಿಗೆ ಆರೈಕೆದಾರರು ತುಂಬುವ ಎನ್‌ಟಿಜಿ-ಇಡಿಎಸ್‌ಡಿ ಅಥವಾ ಡಿಎಸ್‌ಕ್ಯುಐಐಡಿ ಪ್ರಶ್ನಾವಳಿ ಬಳಸುವಂತೆ ಕೇಳಿ. ಎರಡೂ ‘ಮೊದಲಿಗಿಂತ ಈಗ ಹೇಗೆ’ ಎಂಬುದನ್ನೇ ಅಳೆಯುತ್ತವೆ. ಎರಡನೆಯದರಲ್ಲಿ ಅಂಕ 20 ಮುಟ್ಟಿದರೆ ವಿವರವಾದ ತಪಾಸಣೆ ಬೇಕೆಂದು ಅರ್ಥ, ಕಾಯಿಲೆ ಖಚಿತವೆಂದಲ್ಲ. ತುಂಬುವವರು ಆ ವ್ಯಕ್ತಿಯನ್ನು ಕನಿಷ್ಠ ಆರು ತಿಂಗಳಿಂದ ಬಲ್ಲವರಾಗಿರಬೇಕು.

ಸ್ಕ್ಯಾನ್ ವಿಷಯದಲ್ಲಿ ದುಡ್ಡು ವ್ಯರ್ಥವಾಗುವುದು ಹೆಚ್ಚು. ಸಿಟಿ ಅಥವಾ ಎಂಆರ್‌ಐ ಮಾಡುವುದು ತಲೆಯೊಳಗಿನ ರಕ್ತಸ್ರಾವ, ಟ್ಯೂಮರ್, ಪಾರ್ಶ್ವವಾಯು ಇಲ್ಲವೆಂದು ನೋಡಲು, ಅಷ್ಟಕ್ಕೆ ಅದು ಬೇಕು. ಮೆದುಳಿನ ಅಮಿಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್ ಮಾತ್ರ ನಲವತ್ತು ದಾಟಿದವರಿಗೆ ಹೆಚ್ಚೇನೂ ಹೇಳದು. ಅಮಿಲಾಯ್ಡ್ ಗಡ್ಡೆ ಇದ್ದೇ ಇರುತ್ತದೆ, ಲಕ್ಷಣ ಇರಲಿ ಬಿಡಲಿ. ಟಾವ್ ಅಳೆಯುವ ಹೊಸ ರಕ್ತಪರೀಕ್ಷೆಗೂ ಲಕ್ಷಣವಿಲ್ಲದಾಗ ಮನೆಯವರೇ ಹೋಗಿ ಮಾಡಿಸುವಂಥ ಉಪಯೋಗ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಎಂಆರ್‌ಐಗೆ ಅರಿವಳಿಕೆ ಬೇಕಾದರೆ ಕುತ್ತಿಗೆಯ ಕೀಲಿನ ವಿಷಯ, ಗೊರಕೆ, ಹೃದಯದ ಹಳೆಯ ಶಸ್ತ್ರಚಿಕಿತ್ಸೆ ಈ ಮೂರನ್ನೂ ಅರಿವಳಿಕೆ ವೈದ್ಯರಿಗೆ ನೀವೇ ಬಾಯಿಬಿಟ್ಟು ಹೇಳಿ.

ಹಂತ 6: ಔಷಧದಿಂದ ಏನು ನಿರೀಕ್ಷಿಸಬಹುದು

ಡೊನೆಪೆಜಿಲ್ ಮತ್ತು ರಿವಾಸ್ಟಿಗ್ಮಿನ್, ಉಳಿದಿರುವ ಅಸಿಟೈಲ್‌ಕೋಲಿನ್ ಬೇಗ ಒಡೆಯದಂತೆ ತಡೆಯುತ್ತವೆ. ಕಾಯಿಲೆ ನಿಲ್ಲುವುದಿಲ್ಲ, ಕೆಲವರಲ್ಲಿ ಸ್ವಲ್ಪ ಕಾಲ ಚುರುಕು ಉಳಿಯುತ್ತದೆ. ಡೊನೆಪೆಜಿಲ್ ರೂಢಿಯ ಆರಂಭ 5 ಮಿಲಿಗ್ರಾಂ. ಇವರಿಗೆ 2.5ರಿಂದ ಶುರು ಮಾಡಿ ನಿಧಾನವಾಗಿ ಏರಿಸುವಂತೆ ಕೇಳುವುದು ಒಳ್ಳೆಯದು. ಹೃದಯದ ಬಡಿತ ನಿಧಾನವಾಗುವ ಅಪಾಯ ಇರುವುದರಿಂದ ಮೊದಲೇ ಇಸಿಜಿ ಮಾಡಿಸಬೇಕು. ಹಸಿವು ಕಡಿಮೆಯಾಗುವುದು, ಭೇದಿ, ಮೂತ್ರ ಜಾರುವುದು ಅಡ್ಡ ಪರಿಣಾಮಗಳು. ತೂಕದ ಪುಟ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ಮಾತ್ರೆಯ ಜೊತೆ ಟ್ರೈಹೆಕ್ಸಿಫೆನಿಡಿಲ್ ನಡೆಯುತ್ತಿದ್ದರೆ ಒಂದು ಮುಂದಕ್ಕೆ ಎಳೆದದ್ದನ್ನು ಇನ್ನೊಂದು ಹಿಂದಕ್ಕೆ ಎಳೆಯುತ್ತದೆ.

ಅಲ್ಝೈಮರ್‌ಗೆ ಕೊಡುವ ಇನ್ನೊಂದು ಔಷಧವಾದ ಮೆಮಾಂಟಿನ್ ಅನ್ನು 40 ದಾಟಿದ ಡೌನ್ ಸಿಂಡ್ರೋಮ್ ಇರುವವರಲ್ಲೇ ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. ವಿಟಮಿನ್ ಇ ಕೂಡ ಪರೀಕ್ಷೆಯಲ್ಲಿ ಗೆಲ್ಲಲಿಲ್ಲ. ಅಮಿಲಾಯ್ಡ್ ತೆಗೆಯುವ ಲೆಕನೆಮ್ಯಾಬ್, ಡೊನಾನೆಮ್ಯಾಬ್ ಬಗ್ಗೆ ತುಂಬ ಜನ ಕೇಳುತ್ತಾರೆ. ಅವುಗಳಿಗೆ ಒಪ್ಪಿಗೆ ತಂದುಕೊಟ್ಟ ಪ್ರಯೋಗಗಳಲ್ಲಿ ಡೌನ್ ಸಿಂಡ್ರೋಮ್ ಇರುವವರು ಇರಲಿಲ್ಲ. ಇವರ ಮೆದುಳಿನ ರಕ್ತನಾಳಗಳ ಗೋಡೆಯಲ್ಲೂ ಅಮಿಲಾಯ್ಡ್ ಹೆಚ್ಚಾಗಿರುವುದರಿಂದ ರಕ್ತಸ್ರಾವ, ಊತದ ಭಯ ದೊಡ್ಡದು. ಇವರಲ್ಲೇ ಪ್ರಯೋಗ ಮುಗಿದು ಸುರಕ್ಷಿತವೆಂದು ತೋರುವವರೆಗೆ ಆ ದಾರಿ ಬೇಡ. ‘ನೆನಪಿನ ಶಕ್ತಿ’ಯ ಪುಡಿ, ಲೇಹ್ಯಗಳಿಗೆ ಸುರಿಯುವ ದುಡ್ಡನ್ನು ನಿದ್ರಾ ಪರೀಕ್ಷೆಗೆ ಇಡಿ.

ಹಂತ 7: ಫಿಟ್ಸ್ ಬಗ್ಗೆ ಎಚ್ಚರ

ಮರೆವಿನ ಕಾಯಿಲೆ ಶುರುವಾದವರಲ್ಲಿ ಹೊಸದಾಗಿ ಫಿಟ್ಸ್ ಬರುವುದು ತುಂಬ ಸಾಮಾನ್ಯ, ಬಂದ ಮೇಲೆ ಕಾಯಿಲೆ ಬೇಗ ಮುಂದುವರಿಯುತ್ತದೆ. ಶುರುವಿನಲ್ಲಿ ಅದು ಫಿಟ್ಸ್ ಎಂದೇ ಅನಿಸುವುದಿಲ್ಲ: ಬೆಳಿಗ್ಗೆ ಎದ್ದ ಹೊತ್ತಿನಲ್ಲಿ ಕೈ ಜಗ್ಗಿದಂತಾಗಿ ಲೋಟ ಬೀಳುತ್ತದೆ, ಅಷ್ಟೇ. ಇದಕ್ಕೆ ಮಯೋಕ್ಲೋನಸ್ ಎನ್ನುತ್ತಾರೆ. ಮೊಬೈಲಿನಲ್ಲಿ ಚಿತ್ರೀಕರಿಸಿ ತೋರಿಸಿ. ಲೆವೆಟಿರಾಸಿಟಮ್ ಹೆಚ್ಚಾಗಿ ಬಳಸುವ ಔಷಧ, ಕೆಲವರಲ್ಲಿ ಸಿಡುಕು ತರುತ್ತದೆ. ಅಗ್ಗವೂ ಹಳೆಯದೂ ಆದ ಫೆನಿಟಾಯಿನ್ ಈ ಸ್ಥಿತಿಯಲ್ಲಿ ನಡಿಗೆ, ಮಾತು ಎರಡನ್ನೂ ಕೆಡಿಸಿದ್ದು ವರದಿಯಾಗಿದೆ. ಅದನ್ನು ಬರೆದರೆ ಬೇರೆ ಆಯ್ಕೆ ಇದೆಯೇ ಎಂದು ಕೇಳಿ. ಫಿಟ್ಸ್ ಐದು ನಿಮಿಷ ಮೀರಿದರೆ ತಕ್ಷಣ ಆಸ್ಪತ್ರೆ.

ಹಂತ 8: ಮನೆ ಮತ್ತು ಊಟ

ಹೊಸ್ತಿಲಿಗೂ ಮೆಟ್ಟಿಲ ಅಂಚಿಗೂ ಗಾಢ ಹಳದಿ ಪಟ್ಟಿ ಅಂಟಿಸಿ. ಬಚ್ಚಲಿನಲ್ಲಿ ಹಿಡಿಕೆ ಹಾಕಿಸಿ, ರಾತ್ರಿ ಸಣ್ಣ ದೀಪ ಇಡಿ. ಬಚ್ಚಲ ಬಾಗಿಲಿಗೆ ಅವರು ಗುರುತಿಸುವ ಚಿತ್ರ ಅಂಟಿಸಿ. ಮಲಗುವ ಜಾಗ, ಊಟದ ಹೊತ್ತು, ತಟ್ಟೆ ಬದಲಿಸಬೇಡಿ. ಮಕ್ಕಳ ಮನೆಗಳಲ್ಲಿ ಸರದಿಯ ಮೇಲೆ ಇಟ್ಟುಕೊಳ್ಳುವ ಏರ್ಪಾಡು ನಮ್ಮಲ್ಲಿ ರೂಢಿಯಾದರೂ ಈ ಕಾಯಿಲೆಗೆ ಅದು ಒಗ್ಗದು.

ಕಾಯಿಲೆ ಮುಂದುವರಿದಂತೆ ನುಂಗುವುದು ಕಷ್ಟವಾಗುತ್ತದೆ. ಆಹಾರ ಶ್ವಾಸನಾಳಕ್ಕೆ ಇಳಿದು ಬರುವ ನ್ಯುಮೋನಿಯಾ ಕೊನೆಯ ಹಂತದಲ್ಲಿ ಸಾವಿಗೆ ಪ್ರಮುಖ ಕಾರಣ. ಊಟದ ನಡುವೆ ಕೆಮ್ಮು, ಉಂಡ ಮೇಲೆ ಗಂಟಲು ಗುಳುಗುಳು, ಮರಳಿ ಮರಳಿ ಜ್ವರ ಇದರ ಸುಳಿವು. ಪೂರ್ತಿ ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ ಕೊಟ್ಟು, ನುಂಗಿದ್ದು ನೋಡಿದ ಮೇಲೆ ಮುಂದಿನ ತುತ್ತು. ಊಟವಾದ ಮೇಲೂ ಅರ್ಧ ಗಂಟೆ ಮಲಗಿಸಬಾರದು. ನೀರು, ನೀರು ಮಜ್ಜಿಗೆಗಿಂತ ಗಟ್ಟಿ ಅಂಬಲಿ ಎಷ್ಟೋ ಜನರಿಗೆ ಸುಲಭ. ಅವಲಕ್ಕಿ, ಒಣ ಚಪಾತಿ, ಅಗಿಯದೆ ನುಂಗುವ ಮುದ್ದೆ ಅಪಾಯ. ಯಾವ ಹದ ಸರಿ ಎಂಬುದನ್ನು ನುಂಗುವಿಕೆ ನೋಡುವ ವಾಕ್ ಚಿಕಿತ್ಸಕರಿಂದ ತಿಳಿಯಿರಿ.

ಹಂತ 9: ಕಾಗದಪತ್ರ

ಮಗನಿಗೆ ಐವತ್ತಾದಾಗ ಅಪ್ಪ ಅಮ್ಮ ಎಂಬತ್ತರ ಹತ್ತಿರ ಇರುತ್ತಾರೆ. ಅಂಗವೈಕಲ್ಯದ ಸರ್ಕಾರಿ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಮೊದಲೇ ಇರುವ ಕಾಯಿಲೆ ಎಂದು ತಳ್ಳಿಹಾಕುವುದಿಲ್ಲ. 18 ದಾಟಿದವರ ಪರವಾಗಿ ಅಪ್ಪ ಅಮ್ಮನೂ ಕಾನೂನಿನಂತೆ ತಾವಾಗಿಯೇ ಸಹಿ ಹಾಕುವಂತಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಟ್ಟು ಕಾನೂನುಬದ್ಧ ಪೋಷಕತ್ವ ಪಡೆಯಬೇಕು. ಅಪ್ಪ ಅಮ್ಮ ಗಟ್ಟಿಯಾಗಿರುವಾಗಲೇ, ಮುಂದೆ ನೋಡಿಕೊಳ್ಳುವ ತಮ್ಮನೋ ಅಕ್ಕನೋ ಯಾರೆಂದು ತೀರ್ಮಾನಿಸಿ ಅರ್ಜಿ ಹಾಕಿ. ಆದೇಶ ಸಿಕ್ಕಿದ ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿ, ಸಾಲ, ಬರಬೇಕಾದ ಹಣದ ಪಟ್ಟಿಯನ್ನು ಪೋಷಕರು ಸಲ್ಲಿಸಬೇಕು, ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಕೊಡಬೇಕು. ಆದೇಶ ಕೈಗೆ ಬಂದ ಖುಷಿಯಲ್ಲಿ ಹೆಚ್ಚಿನವರು ಮರೆಯುವುದು ಇದನ್ನೇ.